ಅವಳಿಗೆ ಏನು ಬೇಕಾಗಿತ್ತು?

ಕೊರಿಯನ್ ಧಾರಾವಾಹಿ ನೋಡುವ ಹುಡುಗಿಯರ ಬಗ್ಗೆ ನಮ್ಮ ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಎರಡು ಮಾತು ಚಾಲ್ತಿಯಲ್ಲಿವೆ. ಒಂದು, ಅವರ ತಲೆ ಕೆಟ್ಟಿದೆ. ಇನ್ನೊಂದು, ಇನ್ನು ಮೇಲೆ ಅವರಿಗೆ ನಮ್ಮೂರಿನ ಯಾವ ಗಂಡೂ ಒಪ್ಪಿಗೆಯಾಗುವುದಿಲ್ಲ. ಈ ಮಾತು ಆಡುವವರು ಸಾಮಾನ್ಯವಾಗಿ ಒಂದು ಧಾರಾವಾಹಿಯನ್ನೂ ಕೊನೆಯವರೆಗೆ ನೋಡಿದವರಲ್ಲ. ನೋಡಿದವರ ಮಾತು ‘ತುಂಬಾ ಚೆನ್ನಾಗಿದೆ, ಅತ್ತುಬಿಟ್ಟೆ’ ಎಂಬಲ್ಲಿಗೆ ನಿಲ್ಲುತ್ತದೆ. ಒಂದು ಕತೆಗೆ, ಕಾದಂಬರಿಗೆ ನಾವು ಕೇಳುವ ಪ್ರಶ್ನೆಗಳನ್ನು ಇವಕ್ಕೆ ಯಾರೂ ಕೇಳುತ್ತಿಲ್ಲ.

ನಾನು ಪಿಎಚ್‌ಡಿಗಾಗಿ ನವೋದಯ ಕಾಲದ ಸಣ್ಣಕತೆಗಳನ್ನು ಓದುತ್ತಿರುವವಳು. ರಾತ್ರಿ ಊಟವಾದ ಮೇಲೆ ಕೊರಿಯನ್ ಧಾರಾವಾಹಿ ನೋಡುವವಳು. ಈ ಎರಡು ಓದುಗಳು ಒಂದನ್ನೊಂದು ಮುಟ್ಟುತ್ತಲೇ ಇರುತ್ತವೆ. ಎರಡಕ್ಕೂ ನಾನು ಕೇಳುವ ಪ್ರಶ್ನೆ ಒಂದೇ: ಪ್ರೀತಿ ಬಾಗಿಲಿಗೆ ಬರುವ ಮೊದಲು ಅವಳಿಗೆ ಏನು ಬೇಕಾಗಿತ್ತು? ಈ ಪ್ರಶ್ನೆಗೆ ಉತ್ತರವಿರುವ ಕತೆಯಲ್ಲಿ ಪಾತ್ರವಿರುತ್ತದೆ. ಉತ್ತರವಿಲ್ಲದ ಕಡೆ ಬರೀ ಜೋಡಿ ಇರುತ್ತದೆ.

2009ರಲ್ಲಿ ಬಂದ ‘ಬಾಯ್ಸ್ ಓವರ್ ಫ್ಲವರ್ಸ್’ ಅನ್ನೇ ತೆಗೆದುಕೊಳ್ಳಿ. ಈ ಧಾರಾವಾಹಿಗಳ ರುಚಿ ಹತ್ತಿಸಿಕೊಂಡ ಅನೇಕರು ಇದನ್ನು ನೋಡಿರುತ್ತಾರೆ. ಬಟ್ಟೆ ಒಗೆದುಕೊಡುವ ಅಂಗಡಿಯವರ ಮಗಳು ಗುಮ್ ಜಾನ್‌ಡಿ. ದೊಡ್ಡ ಕಂಪನಿಯ ವಾರಸುದಾರ ಗು ಜುನ್‌ಪ್ಯೊ. ಅವನು ಮೊದಲು ಅವಳನ್ನು ಕಾಡುತ್ತಾನೆ, ಆಮೇಲೆ ಪ್ರೀತಿಸುತ್ತಾನೆ. ಕೈ ಹಿಡಿದು ಎಳೆದುಕೊಂಡು ಹೋಗುವುದನ್ನು ಕತೆ ಪ್ರೀತಿಯ ಗುರುತಾಗಿ ತೋರಿಸುತ್ತದೆ. ಆದರೆ ನನಗೆ ಹೆಚ್ಚು ಕಾಡುವುದು ಬೇರೆಯದು. ಜಾನ್‌ಡಿ ಈಜುಗಾರ್ತಿ. ನೀರಿಗಿಳಿದಾಗ ಮಾತ್ರ ಅವಳ ಮುಖ ಅವಳದ್ದಾಗಿ ಕಾಣುತ್ತದೆ. ಕತೆ ಮುಂದುವರಿದಂತೆ ಆ ಈಜು ಹಿನ್ನೆಲೆಗೆ ಸರಿಯುತ್ತದೆ, ಅವಳ ದಿನವೆಲ್ಲ ಅವನ ಸಿಟ್ಟು, ಅವನ ತಾಯಿಯ ಹಟ, ಅವನ ಮರೆವಿನ ಸುತ್ತ ತಿರುಗುತ್ತದೆ. ಅವಳಿಗೊಂದು ಆಸೆ ಇತ್ತು ಎನ್ನುವುದನ್ನು ಕತೆಯೇ ಮರೆಯುತ್ತದೆ. ಶ್ರೀಮಂತ ಗಂಡು, ಬಡ ಹೆಣ್ಣು ಎಂಬ ಹಳೆಯ ಅಚ್ಚು ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಆ ಅಚ್ಚಿನಲ್ಲಿ ಅವಳ ಆಸೆಗೆ ಜಾಗವಿಲ್ಲದಿರುವುದು ಬರವಣಿಗೆಯ ಸೋಲು.

ಇಲ್ಲಿ ನಮ್ಮ ಊರಿನ ಕಡೆಗೆ ಹೊರಳುತ್ತೇನೆ. ತನ್ನ ಹೆಸರಿನಲ್ಲೇ ಊರನ್ನು ಹೊತ್ತ ಕತೆಗಾರ ಅಜ್ಜಂಪುರ ಸೀತಾರಾಂ, ‘ಆನಂದ’ ಎಂಬ ಕಾವ್ಯನಾಮದಿಂದ ಕನ್ನಡಕ್ಕೆ ಪರಿಚಿತರು. ದಾಂಪತ್ಯದ ಸರಸ ವಿರಸಗಳನ್ನು ಬರೆದವರೆಂದೇ ಅವರ ಖ್ಯಾತಿ. ಆದರೆ ಅವರ ಕತೆಗಳಲ್ಲಿ ಇವತ್ತಿಗೂ ತರಗತಿಗಳಲ್ಲಿ ಚರ್ಚೆಯಾಗುವುದು ‘ನಾನು ಕೊಂದ ಹುಡುಗಿ’. ಊರೂರು ತಿರುಗುವ ವಿದ್ಯಾವಂತನೊಬ್ಬ ಹಳ್ಳಿಯ ಪಟೇಲರ ಮನೆಯಲ್ಲಿ ಉಳಿದುಕೊಳ್ಳುತ್ತಾನೆ. ಆ ಮನೆಯ ಹುಡುಗಿ ಚೆನ್ನಮ್ಮ, ದೇವರಿಗೆ ಬಸವಿ ಬಿಟ್ಟವಳು, ರಾತ್ರಿ ಅವನ ಕೋಣೆಗೆ ಬರುತ್ತಾಳೆ. ಅವನು ಅವಳನ್ನು ಮುಟ್ಟುವುದಿಲ್ಲ. ಇದು ಪಾಪ ಎಂದು ತಿಳಿಹೇಳುತ್ತಾನೆ. ಆ ತಿಳಿವಳಿಕೆಯನ್ನು ಹೊತ್ತು ಬದುಕಲಾರದೆ ಹುಡುಗಿ ಪ್ರಾಣ ಕಳೆದುಕೊಳ್ಳುತ್ತಾಳೆ.

ಆ ಮನುಷ್ಯ ಕೆಟ್ಟವನಲ್ಲ, ಸಭ್ಯ. ಹಾಗಿದ್ದೂ ಅವನು ಕೊಲೆಗಾರ ಎಂದು ಕತೆಯ ಹೆಸರೇ ಹೇಳುತ್ತದೆ. ಅವನು ಚೆನ್ನಮ್ಮನಿಗೆ ಸರಿ ತಪ್ಪು ಹೇಳಿದ. ನಿನಗೇನು ಬೇಕು ಎಂದು ಕೇಳಲಿಲ್ಲ. ಅವಳ ಕಣ್ಣಿಗೆ ಅದುವರೆಗೆ ಧರ್ಮವಾಗಿದ್ದದ್ದನ್ನು ಕಿತ್ತುಕೊಂಡು, ಅದರ ಜಾಗದಲ್ಲಿ ನಿಲ್ಲಲು ಒಂದು ಹಲಗೆಯನ್ನೂ ಕೊಡಲಿಲ್ಲ. ಆನಂದರು ಗಂಡಿನ ಒಳ್ಳೆಯತನವನ್ನೇ ಅನುಮಾನಿಸಿದರು ಎನ್ನುವುದು ಈ ಕತೆಯ ಹೆಚ್ಚುಗಾರಿಕೆ.

ಇದೇ ಸನ್ನಿವೇಶ, ಅಂದರೆ ಸಮಾಜ ಬೆರಳು ತೋರಿಸುವ ಹೆಣ್ಣು ಮತ್ತು ಅವಳೆದುರು ಬಂದು ನಿಲ್ಲುವ ಒಬ್ಬ ಸಜ್ಜನ, 2019ರ ‘ವೆನ್ ದ ಕ್ಯಾಮೆಲಿಯಾ ಬ್ಲೂಮ್ಸ್’ನಲ್ಲೂ ಇದೆ. ಬರೆದವರು ಲಿಮ್ ಸಾಂಗ್‌ಚುನ್. ಇದೂ ಆನಂದರ ಹೆಸರಿನ ಹಾಗೆ ಕಾವ್ಯನಾಮವೇ. ಕತೆಯ ದೊಂಗ್‌ಬೆಕ್ ತಾಯಿ ಬಿಟ್ಟುಹೋದ ಮಗು, ಅನಾಥಾಲಯದಲ್ಲಿ ಬೆಳೆದವಳು. ಮದುವೆಯಾಗದೆ ಮಗನನ್ನು ಹೆತ್ತವಳು. ಓಂಗ್‌ಸಾನ್ ಎಂಬ ಪುಟ್ಟ ಊರಿಗೆ ಬಂದು ಕುಡಿಯುವ ಅಂಗಡಿ ಇಡುತ್ತಾಳೆ. ಬೀದಿಯ ಹೆಂಗಸರು ಹೇಗೆ ಮಾತಾಡಿಕೊಳ್ಳುತ್ತಾರೆ ಎಂಬುದನ್ನು ನಮ್ಮ ಯಾವ ಊರಿನವರಿಗೂ ವಿವರಿಸಬೇಕಾಗಿಲ್ಲ. ಅವಳನ್ನು ಮೆಚ್ಚುವ ಪೊಲೀಸ್ ಪೇದೆ ಹ್ವಾಂಗ್ ಯೊಂಗ್‌ಸಿಕ್ ಓದಿನಲ್ಲಿ ಅಷ್ಟಕ್ಕಷ್ಟೆ, ಮಾತಿನಲ್ಲಿ ಹಳ್ಳಿಗ. ಆದರೆ ಅವನು ಬೋಧಿಸುವುದಿಲ್ಲ. ಒಬ್ಬಳೇ ಅಂಗಡಿ ನಡೆಸಿ ಮಗನನ್ನು ಸಾಕಿದ್ದಕ್ಕೆ ಅವಳನ್ನು ಬಾಯಿ ತುಂಬ ಹೊಗಳುತ್ತಾನೆ, ಪದೇ ಪದೇ ಹೊಗಳುತ್ತಾನೆ. ತಗ್ಗಿದ ತಲೆಯ ದೊಂಗ್‌ಬೆಕ್ ಕಂತು ಕಂತಿಗೂ ತುಸು ತುಸುವೇ ತಲೆ ಎತ್ತುತ್ತಾಳೆ. ಕೊನೆಗೆ ಊರನ್ನು ಕಾಡುತ್ತಿದ್ದ ಕೊಲೆಗಾರನ ತಲೆಗೆ ಬಿಯರ್ ಮಗ್ ಬೀಸುವವಳು ಅವಳೇ. ನಾಯಕ ಓಡಿ ಬಂದು ಕಾಪಾಡುವವರೆಗೆ ಕಾಯುವುದಿಲ್ಲ. ಅಷ್ಟೇ ಮುಖ್ಯವಾದದ್ದು, ನಡುವೆ ಮಗನ ಮನಸ್ಸು ನೊಂದದ್ದು ಕಂಡು ಅವಳು ಯೊಂಗ್‌ಸಿಕ್‌ನನ್ನು ಬಿಟ್ಟುಬಿಡುತ್ತಾಳೆ. ಪ್ರೀತಿಗಿಂತ ಮೊದಲು ಅವಳಿಗೆ ಒಂದು ಬದುಕು ಇತ್ತು ಎನ್ನುವುದನ್ನು ಈ ಕತೆ ಮರೆಯುವುದಿಲ್ಲ.

ಚೆನ್ನಮ್ಮನಿಗೆ ಸಿಗದ ಸಮಯ ದೊಂಗ್‌ಬೆಕ್‌ಗೆ ಸಿಕ್ಕಿತು. ಸಮಯ ಎಂಬ ಮಾತನ್ನು ನಾನು ಲೆಕ್ಕದ ಅರ್ಥದಲ್ಲೂ ಹೇಳುತ್ತಿದ್ದೇನೆ. ಕೊರಿಯನ್ ಧಾರಾವಾಹಿಯ ರೂಢಿಯ ಅಳತೆ 16 ಕಂತು, ಒಂದೊಂದು ಸುಮಾರು ಒಂದು ಗಂಟೆ, ವಾರಕ್ಕೆ ಎರಡು. ಬಹುಪಾಲು ಒಬ್ಬರೇ ಬರಹಗಾರರು. ಕತೆ ಎಲ್ಲಿ ಮುಗಿಯುತ್ತದೆಂದು ಅವರಿಗೆ ಗೊತ್ತಿರುತ್ತದೆ, ಆದ್ದರಿಂದ ಪಾತ್ರ ಬದಲಾಗಬಹುದು. ನಮ್ಮ ಮನೆಗಳಲ್ಲಿ ಸಂಜೆ ಓಡುವ ಕನ್ನಡ ಧಾರಾವಾಹಿ ನೂರಾರು ಕಂತು ನಡೆಯಬೇಕು. ಅಲ್ಲಿ ನಾಳೆಯೂ ಅತ್ತೆ ಅತ್ತೆಯಾಗಿಯೇ, ಸೊಸೆ ಸೊಸೆಯಾಗಿಯೇ ಉಳಿಯಬೇಕು. ಪಾತ್ರ ಬೆಳೆದುಬಿಟ್ಟರೆ ಕತೆ ನಿಂತುಹೋಗುತ್ತದೆ. ಇದು ಪ್ರತಿಭೆಯ ಕೊರತೆಗಿಂತ ಅಳತೆಯ ತೊಂದರೆ ಎಂದು ನನ್ನ ಎಣಿಕೆ.

ಸಮಯದ ಈ ಮಾತು ನನಗೆ ಹೊಳೆದದ್ದು ಕಡೂರಿನಲ್ಲಿರುವ ಚಿಕ್ಕಮ್ಮನ ಮಗಳಿಂದ. ಡಿಗ್ರಿ ಮುಗಿಸಿ ಮನೆಯಲ್ಲಿದ್ದಾಳೆ. ಹುಡುಗನ ಕಡೆಯವರು ಬಂದು ಕೇಸರಿಬಾತು ಉಪ್ಪಿಟ್ಟು ತಿಂದು ಹೋದ ಮಾರನೇ ದಿನ ಹೇಳಿದಳು: “ಅಕ್ಕ, ಹತ್ತು ನಿಮಿಷ ಮಾತಾಡ್ಕೊಳ್ಳಿ ಅಂತ ಟೆರೇಸಿಗೆ ಕಳಿಸಿದ್ರು. ಅಡುಗೆ ಬರುತ್ತಾ, ಬೆಂಗಳೂರಿಗೆ ಹೊಂದ್ಕೊಳ್ತೀರಾ ಅಂತ ಕೇಳಿದ್ರು. ನಿಮಗೇನು ಇಷ್ಟ ಅಂತ ಕೇಳ್ಲೇ ಇಲ್ಲ.”

“ನೀನು ಕೇಳಿದ್ಯಾ?” ಅಂದೆ.

“ಇಲ್ಲ ಕಣಕ್ಕ. ಕೇಳ್ಬೋದು ಅಂತಾನೇ ಹೊಳೀಲಿಲ್ಲ.”

ಅವಳು ಕೊರಿಯನ್ ಧಾರಾವಾಹಿ ನೋಡುವುದು ರಾಜಕುಮಾರ ಬರುತ್ತಾನೆ ಎಂಬ ಕನಸಿಗಲ್ಲ ಎಂದು ನನಗೆ ಖಚಿತವಾದದ್ದು ಆ ಮಾತಿನಿಂದ. ಹತ್ತು ನಿಮಿಷದಲ್ಲಿ ಮುಗಿಯುವ ಪರಿಚಯವನ್ನು ಹದಿನಾರು ಗಂಟೆ ಹಿಗ್ಗಿಸಿ ತೋರಿಸುವುದನ್ನು ಅವಳು ನೋಡುತ್ತಿದ್ದಾಳೆ. ಇಬ್ಬರು ಮನುಷ್ಯರು ಒಬ್ಬರನ್ನೊಬ್ಬರು ತಿಳಿದುಕೊಳ್ಳಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬ ಲೆಕ್ಕ ಅದು.

ಈ ತಿಳಿದುಕೊಳ್ಳುವಿಕೆ ಭಾಷೆಯಲ್ಲೇ ನಡೆಯುತ್ತದೆ, ಅದನ್ನು ಕನ್ನಡದವರು ಇಂಗ್ಲಿಷಿನವರಿಗಿಂತ ಬೇಗ ಹಿಡಿಯುತ್ತಾರೆ. ಕೊರಿಯನ್ ಭಾಷೆಯಲ್ಲಿ ಗೌರವದ ಮಾತು, ಸಲಿಗೆಯ ಮಾತು ಎಂದು ಎರಡು ಬಗೆ. ವಯಸ್ಸು, ಹುದ್ದೆ, ಸಂಬಂಧ ನೋಡಿ ಕ್ರಿಯಾಪದದ ಕೊನೆಯೇ ಬದಲಾಗುತ್ತದೆ. ಹೆಸರಿನ ಕೊನೆಗೆ ‘ಸ್ಸಿ’ ಹಚ್ಚಿ ಕರೆಯುತ್ತಿದ್ದವನು ಒಂದು ದಿನ ಬರೀ ಹೆಸರು ಹಿಡಿದು ಕರೆದರೆ ಅದು ಕತೆಯಲ್ಲೊಂದು ಘಟನೆ. ಕೆಳಗೆ ಓಡುವ ಇಂಗ್ಲಿಷ್ ಅಕ್ಷರಗಳಲ್ಲಿ ಎರಡೂ ಕಡೆ ಒಂದೇ ‘ಯೂ’. ‘ನೀವು’ ‘ನೀನು’ ಆಗುವುದರ ಬಿಸಿ ಗೊತ್ತಿರುವ ನಮಗೆ ದನಿಯಲ್ಲೇ ಅದು ತಿಳಿಯುತ್ತದೆ. ಗಂಡನ ಹೆಸರು ಹೇಳದೆ ‘ನಮ್ಮನೆಯವರು’ ಎನ್ನುತ್ತಲೇ ಮುದುಕಿಯಾದ ಅಜ್ಜಿಯರಿರುವ ಊರಿನವರಿಗೆ, ಹೆಸರು ಹಿಡಿದು ಕರೆಯುವುದು ಎಷ್ಟು ದೊಡ್ಡ ಹೆಜ್ಜೆ ಎಂದು ಯಾರೂ ಹೇಳಿಕೊಡಬೇಕಿಲ್ಲ.

2022ರ ‘ಮೈ ಲಿಬರೇಶನ್ ನೋಟ್ಸ್’ ಹೆಸರಿನ ಈ ವಿಷಯವನ್ನು ಬಹಳ ದೂರ ಒಯ್ಯುತ್ತದೆ. ಬರೆದವರು ಪಾರ್ಕ್ ಹೆಯೊಂಗ್. ಸೋಲ್ ನಗರದ ಹೊರಗಿನ ಸಾನ್‌ಪೊ ಎಂಬ ಕಾಲ್ಪನಿಕ ಊರಿನಿಂದ ಅಣ್ಣ, ಅಕ್ಕ, ತಂಗಿ ಮೂವರೂ ದಿನಾ ಕೆಲಸಕ್ಕೆ ನಗರಕ್ಕೆ ಹೋಗಿ ಬರುತ್ತಾರೆ. ಅರ್ಧ ಆಯುಷ್ಯ ರೈಲಿನಲ್ಲೇ ಕಳೆಯುತ್ತದೆ. ತಮ್ಮ ಸೀಮೆ ನಗರವೆಂಬ ಹಳದಿಯನ್ನು ಸುತ್ತಿಕೊಂಡ ಮೊಟ್ಟೆಯ ಬಿಳಿ ಭಾಗ ಎಂಬ ಮಾತು ಅಣ್ಣನನ್ನು ಚುಚ್ಚುತ್ತಿರುತ್ತದೆ. ಬೀರೂರು ಜಂಕ್ಷನ್ನಿನಲ್ಲಿ ಒಂದು ಹಳಿ ತರೀಕೆರೆ, ಶಿವಮೊಗ್ಗದ ಕಡೆಗೆ, ಇನ್ನೊಂದು ಅಜ್ಜಂಪುರದ ಮೇಲೆ ಚಿಕ್ಕಜಾಜೂರಿನ ಕಡೆಗೆ ಒಡೆಯುತ್ತದೆ. ಬೆಂಗಳೂರಿಗೆ ಹೋಗುವ ರೈಲಿಗೆ ಅಲ್ಲಿ ಕಾದು ನಿಂತವರಿಗೆ ಈ ಮೂವರ ದಣಿವು ಪರಿಚಿತವೆನಿಸೀತು.

ಕಿರಿಯವಳು ಮಿಜೊಂಗ್ ಸದ್ದಿಲ್ಲದ ಹುಡುಗಿ. ಅಪ್ಪನ ಜೊತೆ ಕೆಲಸ ಮಾಡುತ್ತ, ಉಳಿದ ಹೊತ್ತೆಲ್ಲ ಕುಡಿಯುತ್ತ ಕೂರುವ ಅಪರಿಚಿತ, ಊರಿನವರ ಬಾಯಲ್ಲಿ ಬರೀ ‘ಗು’. ಅವನ ಪೂರ್ತಿ ಹೆಸರು ಕೂಡ ಬಹುಕಾಲ ಅವಳಿಗೆ ಗೊತ್ತಿರುವುದಿಲ್ಲ. ಅವನೆದುರು ಹೋಗಿ ನಿಂತು, ಪ್ರೀತಿ ಸಾಲದು, ನನ್ನನ್ನು ಆರಾಧಿಸು ಎಂಬ ಅರ್ಥದ ಮಾತು ಹೇಳುತ್ತಾಳೆ. ಮೊದಲು ಕೇಳಿದಾಗ ನಗು ಬರುತ್ತದೆ. ಎರಡನೇ ಸಲ ನೋಡಿದಾಗ ನನಗೆ ಕಂಡದ್ದು ಇದು: ಹೆಣ್ಣೊಬ್ಬಳು ತನಗೇನು ಬೇಕು ಎಂದು ಸ್ಪಷ್ಟವಾಗಿ ಹೇಳುವ ಕ್ಷಣ. ಅವನು ಸುಂದರನೋ ಶ್ರೀಮಂತನೋ ಎಂಬುದು ಆಗ ಲೆಕ್ಕಕ್ಕಿಲ್ಲ. ತಾನು ಖಾಲಿಯಾಗಿದ್ದೇನೆ, ತುಂಬಿಕೊಳ್ಳಬೇಕು ಎಂದು ಅವಳಿಗೆ ಗೊತ್ತಿದೆ. ಪಾತ್ರ ಹುಟ್ಟುವುದು ಆ ಅರಿವಿನಲ್ಲಿ. ಪ್ರೀತಿ ಆಮೇಲೆ ಬರುತ್ತದೆ.

ಇಷ್ಟು ಮೆಚ್ಚಿದ ಮೇಲೆ ಒಂದು ಜಗಳವನ್ನೂ ಆಡಬೇಕು. 2025ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ‘ವೆನ್ ಲೈಫ್ ಗಿವ್ಸ್ ಯೂ ಟ್ಯಾಂಜರೀನ್ಸ್’ ಕೂಡ ಲಿಮ್ ಸಾಂಗ್‌ಚುನ್ ಅವರದೇ. ಜೇಜು ದ್ವೀಪದ ಏಸುನ್ ಕವಿಯಾಗಬೇಕೆಂದವಳು. ಅವಳ ತಾಯಿ ಸಮುದ್ರಕ್ಕೆ ಮುಳುಗಿ ಚಿಪ್ಪು ಹೆಕ್ಕಿ ಮನೆ ನಡೆಸಿದವಳು, ಎಳೆಯ ವಯಸ್ಸಿಗೇ ಸತ್ತವಳು. ಏಸುನ್‌ಳನ್ನು ಬಾಲ್ಯದಿಂದ ಪ್ರೀತಿಸುವ ಗ್ವಾನ್‌ಸಿಕ್ ಹೆಚ್ಚು ಮಾತಾಡದ ದುಡಿಮೆಗಾರ. ಗಂಡಸರ ಊಟದ ಮೇಜಿಗೆ ಬೆನ್ನು ಹಾಕಿ, ಹೆಂಡತಿ ಕೂತ ಮೇಜಿನತ್ತ ತಿರುಗಿ ಉಣ್ಣುವ ಅವನ ಒಂದು ದೃಶ್ಯಕ್ಕೆ ಇಡೀ ಧಾರಾವಾಹಿಯನ್ನು ಕೊಡಬಹುದು. ಎಲ್ಲರದ್ದೂ ಆದ ಮೇಲೆ ಒಲೆಯ ಪಕ್ಕ ಕೂತು ಉಣ್ಣುವ ಅಮ್ಮಂದಿರನ್ನು ಕಂಡವರಿಗೆ ಅದು ಬರೀ ಊಟದ ದೃಶ್ಯವಲ್ಲ.

ಆದರೆ ಗ್ವಾನ್‌ಸಿಕ್‌ಗೆ ಏನು ಬೇಕಾಗಿತ್ತು? ಏಸುನ್ ಬಿಟ್ಟು ಅವನಿಗೆ ಇನ್ನೊಂದು ಆಸೆ ಕಾಣುವುದಿಲ್ಲ. ಸಿಟ್ಟಿಲ್ಲ, ಹೊಟ್ಟೆಕಿಚ್ಚಿಲ್ಲ, ಬೇಸರವಿಲ್ಲ. ಜಾನ್‌ಡಿಯಿಂದ ಈಜನ್ನು ಕಿತ್ತುಕೊಂಡ ಹಾಗೆ ಇವನಿಂದಲೂ ಏನನ್ನೋ ಕಿತ್ತುಕೊಳ್ಳಲಾಗಿದೆ. ಕಾಡುವ ಗಂಡನ್ನು ಮಗುಚಿ ಹಾಕಿದರೆ ದೇವರಂಥ ಗಂಡ ಸಿಗುತ್ತಾನೆ, ಎರಡರಲ್ಲೂ ಮನುಷ್ಯ ಸಿಗುವುದಿಲ್ಲ. ಪ್ರೇಕ್ಷಕಿಯರು ಅವನಿಗಾಗಿ ಅತ್ತದ್ದು ನಿಜ, ನಾನೂ ಅತ್ತೆ. ಆದರೂ ನೆನಪಿನಲ್ಲಿ ಉಳಿದವಳು ಏಸುನ್. ಅವಳು ಕೂಗುತ್ತಾಳೆ, ಮಗಳ ಮುಂದೆ ಸೋಲುತ್ತಾಳೆ, ಹಂಬಲವನ್ನು ದಶಕಗಟ್ಟಲೆ ಮಡಚಿಟ್ಟು ಮುದಿತನದಲ್ಲಿ ಕವನ ಸಂಕಲನ ತರುತ್ತಾಳೆ. ನಮ್ಮ ಕಡೆಯ ಅಪ್ಪಂದಿರನ್ನು ಗ್ವಾನ್‌ಸಿಕ್ ಜೊತೆ ತೂಗಿ ನೋಡುವುದು ಸುಲಭ. ಅದಕ್ಕಿಂತ ಕಷ್ಟದ, ಹೆಚ್ಚು ಉಪಯೋಗದ ಕೆಲಸ, ನಮ್ಮ ಅಮ್ಮಂದಿರು ಏನನ್ನು ಮಡಚಿಟ್ಟರು ಎಂದು ವಿಚಾರಿಸುವುದು.

ಧಾರಾವಾಹಿ ನೋಡಿ ಹುಡುಗಿಯರ ಅಪೇಕ್ಷೆ ಹೆಚ್ಚಾಯಿತು ಎಂಬ ದೂರನ್ನು ನಾನು ಅಲ್ಲಗಳೆಯುವುದಿಲ್ಲ. ಹೆಚ್ಚಾಗಿದೆ. ಏನು ಹೆಚ್ಚಾಗಿದೆ ಎಂಬುದನ್ನು ದೂರುವವರು ನೋಡಬೇಕು. ಕಾರು, ಬಂಗಲೆ, ಬೆಂಗಳೂರಿನ ಕೆಲಸದ ಅಪೇಕ್ಷೆಯನ್ನು ಹುಟ್ಟಿಸಲು ಸೋಲ್‌ನಿಂದ ಯಾರೂ ಬರಬೇಕಾಗಿರಲಿಲ್ಲ, ಸಂಬಂಧ ಕುದುರಿಸುವವರು ಆ ಪಟ್ಟಿಯನ್ನು ಮೊದಲಿನಿಂದಲೂ ಓದುತ್ತ ಬಂದಿದ್ದಾರೆ. ಹೊಸದಾಗಿ ಬಂದದ್ದು, ಯಾರಾದರೂ ನನ್ನನ್ನು ಕೇಳಬೇಕು ಎಂಬ ಅಪೇಕ್ಷೆ. ಕೇಳುವುದಕ್ಕೆ ದುಡ್ಡು ಬೇಡ, ತೋಟ ಬೇಡ, ಹತ್ತು ನಿಮಿಷಕ್ಕಿಂತ ತುಸು ಹೆಚ್ಚು ಹೊತ್ತು ಬೇಕು.

ಇನ್ನು ನಾವು ಬರೆಯುವವರು ಮಾಡಬೇಕಾದ್ದು ಉಳಿದಿದೆ. ಆನಂದರ ಕತೆ ಆ ಸಭ್ಯ ಗಂಡಸಿನ ಪಾಪಪ್ರಜ್ಞೆಯನ್ನು ಕೊನೆಯವರೆಗೂ ಹಿಂಬಾಲಿಸುತ್ತದೆ. ಚೆನ್ನಮ್ಮ ಆ ಕೋಣೆಯಿಂದ ಹೊರಬಿದ್ದ ಮೇಲಿನ ಹೊತ್ತು ಮಾತ್ರ ಕತ್ತಲೆಯಲ್ಲೇ ಉಳಿದಿದೆ. ಅಂಗಳ ದಾಟುವಾಗ ಅವಳು ಏನು ಯೋಚಿಸಿದಳು, ಬಸವಿ ಬಿಡುವ ಮೊದಲು ಅವಳಿಗೆ ಏನು ಆಸೆಯಿತ್ತು, ಯಾವ ಆಟ, ಯಾವ ಹಾಡು, ಯಾರ ಜೊತೆ ಮಾತು? ಆ ಹೊತ್ತನ್ನು ಅವಳ ಕಡೆಯಿಂದ ಬರೆದ ಕತೆಯೊಂದನ್ನು ನಾನು ಓದಲು ಕಾಯುತ್ತಿದ್ದೇನೆ. ಅಜ್ಜಂಪುರದ ಕಡೆಯವರೇ ಯಾರಾದರೂ ಬರೆದರೆ ಇನ್ನೂ ಸಂತೋಷ.