ಹಾಡಿನ ಒರೆಗಲ್ಲು

ಚಿತ್ರಗೀತೆಗಳಲ್ಲಿ ಯಾವ ದಶಕದವು ಶ್ರೇಷ್ಠವೆಂಬ ಚರ್ಚೆ ಕನ್ನಡದ ಮನೆಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಊರಿಗಾಮಿನಲ್ಲಿ ಅದಕ್ಕೆ ಇನ್ನೊಂದು ತೊಡಕು ಸೇರುತ್ತದೆ. ಚಿನ್ನದ ಗಣಿಯನ್ನು ನಂಬಿ ಬಂದವರ ಈ ನೆಲದಲ್ಲಿ ತಮಿಳು, ತೆಲುಗು, ಕನ್ನಡ ಮೂರೂ ಕೇಳಿಬರುವುದರಿಂದ ದಶಕದ ವಾದವು ಬಹುಬೇಗನೆ ಭಾಷೆಯ ವಾದವಾಗುತ್ತದೆ. ೨೦೦೧ರಲ್ಲಿ ಗಣಿಗಳು ಮುಚ್ಚಿದ ಮೇಲಂತೂ ಹಿರಿಯರಿಗೆ ತಮ್ಮ ಹರೆಯದ ಹಾಡು ಬರಿಯ ಹಾಡಲ್ಲ. ಕೈತಪ್ಪಿಹೋದ ಬಾಳಿನ ಗುರುತು. ಆ ಮಮತೆ ಗೌರವಕ್ಕೆ ಅರ್ಹವಾದುದೇ. ಆದರೆ ಮಮತೆಯೇ ವಿಮರ್ಶೆಯಾಗಲಾರದು.

ವಿಮರ್ಶೆಗೆ ಒರೆಗಲ್ಲೊಂದು ಬೇಕು. ವಾದ್ಯಗಳ ಆಸರೆಯಿಲ್ಲದೆ ಒಂದೇ ಕಂಠವು ಮನೆಯ ಜಗುಲಿಯಲ್ಲಿ ಹಾಡಿದಾಗಲೂ ಮಾತು ರಾಗವನ್ನು, ರಾಗ ಮಾತನ್ನು ಎತ್ತಿಹಿಡಿಯುವುದೆ? ಈ ಪ್ರಶ್ನೆಗೆ ನಿಲ್ಲುವ ಹಾಡೇ ಬಾಳುವ ಹಾಡು.

ಅರವತ್ತರ ದಶಕದ ಪಕ್ಷದವರು ಮುಂದಿಡುವುದು ೧೯೬೬ರ ‘ಸಂಧ್ಯಾರಾಗ’ವನ್ನು. ಅ. ನ. ಕೃಷ್ಣರಾಯರ ಕಾದಂಬರಿಯಿಂದ ಮೂಡಿದ ಆ ಚಿತ್ರದಲ್ಲಿ ಭೀಮಸೇನ ಜೋಶಿಯವರ ಕಂಠವಿದೆ. ಮರುವರ್ಷದ ‘ಬೆಳ್ಳಿಮೋಡ’ದಲ್ಲಿ ಬೇಂದ್ರೆಯವರ ಬೆಳಗಿನ ಕವಿತೆಗೆ ವಿಜಯಭಾಸ್ಕರರು ರಾಗ ಕೊಟ್ಟರು, ಎಸ್. ಜಾನಕಿಯವರು ಹಾಡಿದರು. ಎಪ್ಪತ್ತರ ಪಕ್ಷಕ್ಕೆ ‘ಕಸ್ತೂರಿ ನಿವಾಸ’ (೧೯೭೧), ರಾಜನ್–ನಾಗೇಂದ್ರರ ‘ಎರಡು ಕನಸು’ (೧೯೭೪), ಬಿಸ್ಮಿಲ್ಲಾ ಖಾನರ ಶಹನಾಯಿಯಿಂದ ಮೆರೆದ ‘ಸನಾದಿ ಅಪ್ಪಣ್ಣ’ (೧೯೭೭) ಸಾಕ್ಷಿ. ಎಂಬತ್ತರ ಪಕ್ಷದವರು ಇಳಯರಾಜರ ‘ಗೀತಾ’ (೧೯೮೧) ಮತ್ತು ‘ಪ್ರೇಮಲೋಕ’ವನ್ನು (೧೯೮೭) ಎತ್ತಿ ತೋರುತ್ತಾರೆ. ಎರಡನೆಯದರಲ್ಲಿ ಪದವೂ ರಾಗವೂ ಹಂಸಲೇಖರವೇ; ಕಾಲೇಜಿನ ಹುಡುಗರ ಆಡುಮಾತು ಅಲ್ಲಿ ಸಂಕೋಚವಿಲ್ಲದೆ ಹಾಡಾಯಿತು.

ಒರೆಗಲ್ಲಿಗೆ ತಿಕ್ಕಿದರೆ ಎಪ್ಪತ್ತರ ದಶಕದ ಗೆರೆಯೇ ಹೆಚ್ಚು ಹೊಳೆಯುತ್ತದೆ. ಅಲ್ಲಿ ಕವಿಯ ಮಾತಿನ ತೂಕವೂ ಕಂಠದ ಇಂಪೂ ಸಮವಾಗಿ ಕೂಡಿಬಂದುವು. ಆದರೂ ಆ ಹೊಳಪು ಹತ್ತು ವರ್ಷಗಳ ಬೇಲಿಯೊಳಗೆ ಹುಟ್ಟಿದುದಲ್ಲ. ಅದರ ಬೇರು ‘ಬೆಳ್ಳಿಮೋಡ’ದಲ್ಲಿದೆ. ಅದರ ಕೊಂಬೆಯೋ ಮುಂದಕ್ಕೆ ಚಾಚಿದೆ: ‘ಕಸ್ತೂರಿ ನಿವಾಸ’ದ ಸಂಗೀತ ನಿರ್ದೇಶಕರಾದ ಜಿ. ಕೆ. ವೆಂಕಟೇಶರ ಬಳಿ ಸಹಾಯಕರಾಗಿದ್ದವರೇ ಇಳಯರಾಜರು. ಹೀಗಿರುವಲ್ಲಿ ತಮಿಳು ಮನೆಯವರೂ ಕನ್ನಡ ಮನೆಯವರೂ ಯಾವ ಹಾಡಿಗಾಗಿ ಜಗಳವಾಡಬೇಕು? ಇಬ್ಬರೂ ನೀರು ಸೇದಿದುದು ಒಂದೇ ಬಾವಿಯಿಂದ.

ಇನ್ನೊಂದು ಎಚ್ಚರಿಕೆಯ ಮಾತಿದೆ. ಒಂದು ಟನ್ನು ಅದಿರನ್ನು ಅರೆದರೆ ದೊರೆಯುವುದು ಕೆಲವೇ ಗ್ರಾಂ ಚಿನ್ನವೆಂಬುದನ್ನು ಈ ಊರಿಗೆ ಯಾರೂ ಕಲಿಸಬೇಕಾಗಿಲ್ಲ. ಉಳಿದುದೆಲ್ಲ ಸಯನೈಡ್ ದಿಬ್ಬಗಳಾಗಿ ಇಂದಿಗೂ ಕಣ್ಣೆದುರು ನಿಂತಿದೆ. ಹಾಡುಗಳಿಗೂ ಅದೇ ನಿಯಮ. ಎಪ್ಪತ್ತರ ದಶಕದಲ್ಲಿಯೂ ಸಪ್ಪೆ ಹಾಡುಗಳು ರಾಶಿರಾಶಿಯಾಗಿ ಬಂದುವು. ಅವನ್ನು ಕಾಲವೇ ಸೋಸಿ ಚೆಲ್ಲಿತು, ಕೇಳಿದವರೂ ಮರೆತರು. ಇಂದಿನ ಹಾಡು ಇನ್ನೂ ಅದಿರಿನ ರೂಪದಲ್ಲಿಯೇ ಇದೆ. ಹಿಂದಿನ ಚಿನ್ನವನ್ನು ಇಂದಿನ ಅದಿರಿನೊಡನೆ ತೂಗಿ, ಇಂದಿನದು ಕೀಳೆಂದು ತೀರ್ಪು ಕೊಡುವುದು ನ್ಯಾಯವಲ್ಲ.

ಮುಂಜಾನೆ ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿನ ಕೆಲಸಕ್ಕೆ ರೈಲು ಹತ್ತುವ ತರುಣನಿಗೆ ‘ನಿನ್ನ ಕಾಲದಲ್ಲಿ ಹಾಡೇ ಇಲ್ಲ’ ಎಂದು ಹಿರಿಯರು ಹೇಳಿದರೆ, ಅವನು ಕಳೆದುಕೊಳ್ಳುವುದು ತನ್ನ ಹಾಡನ್ನಲ್ಲ, ಅವರ ಹಾಡನ್ನು. ಹೀಯಾಳಿಸಿದವರ ಪೆಟ್ಟಿಗೆಯನ್ನು ಯಾರು ತಾನೆ ತೆರೆದು ನೋಡುತ್ತಾರೆ? ತಾವು ಮೆಚ್ಚಿದ ದಶಕ ಉಳಿಯಬೇಕೆಂದು ಬಯಸುವವರು ವಾದದಲ್ಲಿ ಗೆಲ್ಲುವುದಕ್ಕಿಂತ, ಒಂದು ಸಂಜೆ ಅದನ್ನು ಮನೆಯಲ್ಲಿ ಹಾಡುವುದು ಲೇಸು.