ಗೈಡಿನಲ್ಲಿ ಸತ್ತ ಮಾತು

ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳಲ್ಲಿ ಇಂಗ್ಲಿಷ್ ನುಡಿಗಟ್ಟುಗಳ ಪುಟ ಸಾಮಾನ್ಯವಾಗಿ ಒಂದೇ ಅಚ್ಚಿನದು. ಎಡಕ್ಕೆ ನುಡಿಗಟ್ಟು, ಬಲಕ್ಕೆ ಒಂದೆರಡು ಪದಗಳ ಅರ್ಥ. ‘ಕಿಕ್ ದ ಬಕೆಟ್’ ಎಂದರೆ ಸಾಯುವುದು. ಉತ್ತರ ಸರಿ, ಅಂಕವೂ ಸಿಗುತ್ತದೆ. ಆದರೆ ಇದನ್ನು ಬಾಯಿಪಾಠ ಮಾಡಿದ ಹುಡುಗಿ, ತಾತ ತೀರಿಕೊಂಡಾಗ ರಜಾ ಅರ್ಜಿಯಲ್ಲಿ ಅದನ್ನೇ ಬರೆದರೆ? ಅವಳ ದುಃಖವೇ ಅಗ್ಗವಾಗಿ ಕಾಣುತ್ತದೆ. ತಪ್ಪು ಅವಳದಲ್ಲ. ಫ್ರಾನ್ಸಿಸ್ ಗ್ರೋಸ್ 1785ರಲ್ಲಿ ಲಂಡನ್ನಿನಲ್ಲಿ ಹೊರತಂದ ಬೀದಿಮಾತಿನ ನಿಘಂಟಿನಲ್ಲೇ ಸೇರಿದ್ದ ಮಾತಿದು. ಆ ಒರಟುತನ ಇಂದಿಗೂ ಅದಕ್ಕೆ ಅಂಟಿಕೊಂಡಿದೆ. ಗೈಡು ಅದನ್ನು ಹೇಳಲಿಲ್ಲ, ಅಷ್ಟೆ.

ಕನ್ನಡದ ಮಗುವಿಗೆ ಈ ಸೂಕ್ಷ್ಮ ಹೊಸದೇನಲ್ಲ. ಸತ್ತ, ತೀರಿಕೊಂಡರು, ಶಿವನ ಪಾದ ಸೇರಿದರು, ಲಿಂಗೈಕ್ಯರಾದರು, ಗೊಟಕ್ ಅಂದ: ಇವುಗಳಲ್ಲಿ ಯಾವುದನ್ನು ಯಾರ ಬಗ್ಗೆ, ಯಾರೆದುರು ಆಡಬೇಕೆಂದು ಅದು ಮನೆಯಲ್ಲೇ ಕಲಿತಿರುತ್ತದೆ. ‘ಕಿಕ್ ದ ಬಕೆಟ್’ ಪಕ್ಕದಲ್ಲಿ ‘ಗೊಟಕ್ ಅನ್ನು’ ಎಂದು ಅಚ್ಚಾಗಿದ್ದರೆ ಅರ್ಥ, ಸಲುಗೆ, ಒರಟುತನ ಎಲ್ಲವೂ ಒಮ್ಮೆಗೇ ತಲುಪುತ್ತಿದ್ದವು. ‘ಒನ್ಸ್ ಇನ್ ಎ ಬ್ಲೂ ಮೂನ್’ ಪಕ್ಕದಲ್ಲಿ ‘ಹುಣ್ಣಿಮೆಗೋ ಅಮಾವಾಸ್ಯೆಗೋ ಒಮ್ಮೆ’ ಎಂದು ಇಟ್ಟರಂತೂ ಚಂದ್ರ ಎರಡೂ ಕಡೆ ಇದ್ದಾನೆ!

ಹಾಗೆಂದು ಸಿಕ್ಕ ಜೋಡಿಯನ್ನೆಲ್ಲ ನಂಬುವಂತಿಲ್ಲ. ‘ಪುಲ್ ಸಮ್‌ಒನ್ಸ್ ಲೆಗ್’ ಸ್ನೇಹದ ತಮಾಷೆ. ನಮ್ಮ ‘ಕಾಲೆಳೆ’ ತಮಾಷೆಗೂ ಸಲ್ಲುತ್ತದೆ. ಮೇಲೇರುತ್ತಿರುವವನನ್ನು ಕೆಳಗೆ ಬೀಳಿಸುವ ಹೊಟ್ಟೆಕಿಚ್ಚಿಗೂ ಸಲ್ಲುತ್ತದೆ. ಇಂಗ್ಲಿಷಿನಲ್ಲಿ ಈ ಎರಡನೆಯ ಅರ್ಥವಿಲ್ಲ. ‘ಸಹೋದ್ಯೋಗಿಗಳು ನನ್ನ ಕಾಲೆಳೆದರು’ ಎಂಬ ಅಳಲನ್ನು ಪದಕ್ಕೆ ಪದವಿಟ್ಟು ಇಂಗ್ಲಿಷಿನಲ್ಲಿ ಹೇಳಿದರೆ, ಕೇಳಿದವರು ನಕ್ಕು ಸುಮ್ಮನಾಗುತ್ತಾರೆ. ಪಾಠದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಇಂಥ ಕಡೆ. ಎರಡು ಪದದ ಅರ್ಥಕ್ಕಷ್ಟೇ ಜಾಗವಿರುವ ಪಟ್ಟಿಯಲ್ಲಿ ಅದು ಸಾಧ್ಯವಿಲ್ಲ.

ಆಯ್ಕೆಯ ಬಗ್ಗೆಯೂ ನನಗೆ ತಕರಾರಿದೆ. ‘ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್’ ಇಲ್ಲದ ಪಟ್ಟಿ ಅಪರೂಪ. ಹುಲ್ಲಿನ ಮಾಡಿನಿಂದ ಬೆಕ್ಕು ನಾಯಿಗಳು ಜಾರಿ ಬೀಳುತ್ತಿದ್ದವೆಂಬ, ಆಧಾರವಿಲ್ಲದ ಕಥೆಯೂ ಅದರ ಬೆನ್ನಿಗಿದೆ. ನಿಜ ಸಂಗತಿ ಅದಕ್ಕಿಂತ ಸ್ವಾರಸ್ಯದ್ದು. ಜೊನಾಥನ್ ಸ್ವಿಫ್ಟ್ 1738ರಲ್ಲಿ ಪ್ರಕಟಿಸಿದ ಸಂಭಾಷಣೆಗಳ ಪುಸ್ತಕದಲ್ಲಿ ಈ ಮಾತು ಬರುತ್ತದೆ. ದೊಡ್ಡ ಮನೆಗಳ ಹರಟೆಯಲ್ಲಿ ಸವೆದುಹೋದ ಮಾತುಗಳನ್ನು ಹೆಕ್ಕಿ ಲೇವಡಿ ಮಾಡಲೆಂದೇ ಅವನು ಬರೆದ ಪುಸ್ತಕ ಅದು. ಅಂದೇ ಹಳಸಿದ್ದನ್ನು ಇಂದಿನ ಮಕ್ಕಳು ಇಂಗ್ಲಿಷಿನ ಸೊಗಸೆಂದು ಉರು ಹೊಡೆಯುತ್ತಿದ್ದಾರೆ. ಜಡಿಮಳೆಯಲ್ಲಿ ಫೋನು ಮಾಡಿ ಹೇಳಲು ‘ಇಟ್ಸ್ ಪೋರಿಂಗ್’ ಸಾಕು. ಅದನ್ನು ಮಾತ್ರ ಅವರಿಗೆ ಯಾರೂ ಕಲಿಸಿರುವುದಿಲ್ಲ.