ಕಲ್ಲಿಗೆ ಸುತ್ತಿದ ಬರಹ

ಮೊಳಕಾಲ್ಮೂರು ಸೀರೆ ಕೊಳ್ಳುವಾಗ ಬಲ್ಲ ಹೆಂಗಸರು ಮೊದಲು ಸೆರಗು ತಿರುವಿ ಹಿಂಬದಿ ನೋಡುತ್ತಾರೆ. ಎಳೆ ಎಲ್ಲಿ ಕೂಡಿದೆ, ಬುಟ್ಟಾದ ಹಿಂದೆ ದಾರ ಹೇಗೆ ಓಡಿದೆ, ನೇಯ್ದ ಕೈ ಎಷ್ಟು ಪಳಗಿದ್ದು ಎಂಬುದೆಲ್ಲ ಅಲ್ಲಿ ತಿಳಿಯುತ್ತದೆ. ತಂತಿ ಬಾಗಿಸಿ, ಸುತ್ತಿ, ಕಲ್ಲು ಹಿಡಿಸಿದ ಒಡವೆಯನ್ನು ನೋಡಲು ಹೊಸದಾಗಿ ಕಲಿಯುತ್ತಿರುವವರಿಗೂ ನನ್ನ ಮೊದಲ ಮಾತು ಅದೇ: ತಿರುವಿ ನೋಡಿ.

ಬೆಸುಗೆ ಹಾಕಿ, ಅರ ಉಜ್ಜಿ, ಹೊಳಪು ಕೊಟ್ಟ ಒಡವೆಯಲ್ಲಿ ಕೈಯ ಗುರುತು ಅಳಿಸಿಹೋಗುತ್ತದೆ. ತಂತಿ ಕೆಲಸದಲ್ಲಿ ಅದು ಉಳಿಯುತ್ತದೆ. ಇದನ್ನು ವಿವರಿಸಲು ಮೊಳಕಾಲ್ಮೂರಿನ ಸೀಮೆಯಲ್ಲೇ ಒಳ್ಳೆಯ ಗುರು ಒಬ್ಬನಿದ್ದಾನೆ, ಅಶೋಕನ ಲಿಪಿಕಾರ ಚಪಡ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳ ಮೇಲಿನ ಶಾಸನಗಳನ್ನು ಶಾಸನತಜ್ಞ ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ, ಮಾತು ದೊರೆಯದು. ಕೊನೆಯಲ್ಲಿ ಮಾತ್ರ ಚಪಡ ತನ್ನ ಹೆಸರು ಹಾಕಿ, ತಾನು ಲಿಪಿಕಾರ ಎಂಬುದನ್ನು ಖರೋಷ್ಠಿಯಲ್ಲಿ ಬರೆದ. ಅದು ದೂರದ ವಾಯವ್ಯದ ಲಿಪಿ, ಬಲದಿಂದ ಎಡಕ್ಕೆ ಓಡುವಂಥದ್ದು. ಅಪ್ಪಣೆಯ ಸಾಲುಗಳೆಲ್ಲ ಚಕ್ರವರ್ತಿಯವು. ಆ ಒಂದು ಪದ ಅವನದು. ಒಡವೆಯಲ್ಲಿ ನೀವು ಹುಡುಕಬೇಕಾದದ್ದು ಅಂಥ ಜಾಗವನ್ನು.

ಅದು ಸಾಮಾನ್ಯವಾಗಿ ತಿರುವಿನಲ್ಲಿ ಸಿಗುತ್ತದೆ. ಅಕ್ಕಸಾಲಿಗರು ಕಂಬಚ್ಚಿನ ತೂತುಗಳಲ್ಲಿ ಒಂದಾದ ಮೇಲೊಂದರಂತೆ ಎಳೆದು ತಂತಿ ತೆಗೆಯುತ್ತಾರೆ. ಚೌಕಟ್ಟಿಗೆ ಸುಮಾರು 0.8 ಮಿಲಿಮೀಟರ್ ದಪ್ಪದ್ದು, ಕಟ್ಟಲು ಅದರ ಅರ್ಧದಷ್ಟು ಸಣ್ಣದು ಸಾಕು. ತಾಮ್ರವಾಗಲಿ ಬೆಳ್ಳಿಯಾಗಲಿ, ಬಾಗಿಸಿದಷ್ಟೂ ಗಡುಸಾಗುತ್ತದೆ; ಮತ್ತೆ ಮತ್ತೆ ಬಾಗಿಸಿದರೆ ಮುರಿಯುತ್ತದೆ. ಕಾಯಿಸಿದರೆ ಮೆದುವಾದೀತು, ಆದರೆ ಕಲ್ಲು ಕೂತಮೇಲೆ ಬೆಂಕಿ ತೋರಿಸಿದರೆ ಕಲ್ಲೇ ಸೀಳಬಹುದು. ಹಾಗಾಗಿ ಬಳುಕು ಒಂದೇ ಉಸಿರಿನಲ್ಲಿ ಬರಬೇಕು. ಅನುಮಾನಿಸಿದ ಕೈ ಸಣ್ಣ ಸಣ್ಣ ಮುರುಕುಗಳನ್ನೂ ಇಕ್ಕಳದ ಹಲ್ಲಿನ ಗುರುತನ್ನೂ ಬಿಟ್ಟಿರುತ್ತದೆ. ಹಾಗೆಂದು ಅಚ್ಚುಕಟ್ಟೇ ಸೊಬಗು ಎಂದುಕೊಳ್ಳಬೇಡಿ. ಎಲ್ಲ ಸುತ್ತೂ ಒಂದೇ ಅಳತೆಗೆ ಕೂತು, ಒಂದು ಕಡೆಯೂ ಮನಸ್ಸು ನಿಲ್ಲದ ಒಡವೆಗಳನ್ನು ಬೇಕಾದಷ್ಟು ನೋಡಿದ್ದೇನೆ.

ಆಮೇಲೆ ಕಲ್ಲು. ತಂತಿ ತೆಗೆದರೆ ಅದು ಬೀಳುತ್ತದೆಯೇ ಎಂದು ಕೇಳಿಕೊಳ್ಳಿ. ಬೀಳುವುದಿಲ್ಲ ಎಂದಾದರೆ ಆ ಸುತ್ತು ಬರೀ ಅಲಂಕಾರ. ಒಳ್ಳೆಯ ಕೆಲಸದಲ್ಲಿ ಕಲ್ಲಿನ ಉಬ್ಬು, ತಗ್ಗು, ಒಡಕು ನೋಡಿಯೇ ತಂತಿ ದಾರಿ ಹಿಡಿದಿರುತ್ತದೆ. ಮೊಳಕಾಲ್ಮೂರಿನ ಗುಡ್ಡಗಳಲ್ಲಿ ಬಂಡೆಯ ಮೇಲೆ ಬಂಡೆ ಕೂತದ್ದನ್ನು ನೋಡುತ್ತ ಬೆಳೆದವರಿಗೆ ಭಾರ ಎಲ್ಲಿ ನಿಲ್ಲುತ್ತದೆ ಎಂಬುದು ಕಣ್ಣಿಗೇ ಗೊತ್ತು. ಆ ಕಣ್ಣನ್ನು ಇಲ್ಲಿ ಬಳಸಿ.

ತಂತಿಯಿಂದ ಕಲ್ಲು ಕಟ್ಟುವುದೇನು ಹೊರಗಿನ ಹೊಸ ಹುಚ್ಚಲ್ಲ. ಉತ್ತರ ಕರ್ನಾಟಕದ ಮುತ್ತಿನ ನತ್ತನ್ನು ಹತ್ತಿರದಿಂದ ನೋಡಿ: ಬಾಗಿದ ಚಿನ್ನದ ತಂತಿ, ಅದಕ್ಕೆ ಎಳೆತಂತಿಯಿಂದ ಕಟ್ಟಿದ ಮುತ್ತು, ನಡುವೆ ಒಂದು ಕೆಂಪು. ಅತ್ತ ಅಮೆರಿಕದ ಶಿಲ್ಪಿ ಅಲೆಕ್ಸಾಂಡರ್ ಕಾಲ್ಡರ್ ಸುಮಾರು 1,800 ಒಡವೆಗಳನ್ನು ಮಾಡಿದ, ಹೆಚ್ಚಿನವು ಬಡಿದು ಬಾಗಿಸಿದ ತಂತಿಯವು. ರತ್ನದ ಗೊಡವೆಗೆ ಹೋಗದೆ ಒಡೆದ ಗಾಜು, ಬೆಣಚುಕಲ್ಲುಗಳನ್ನೂ ಕಟ್ಟಿದ. 1955ರಲ್ಲಿ ಅಹಮದಾಬಾದಿನ ಸಾರಾಭಾಯ್ ಕುಟುಂಬದ ಅತಿಥಿಯಾಗಿ ಬಂದು ಇಲ್ಲೂ ಕೆಲಸ ಮಾಡಿದ. ಕಲ್ಲಿನ ಬೆಲೆ ಕೇಳುವ ಮೊದಲು ಅವನನ್ನು ನೆನೆಯಿರಿ.

ಇನ್ನು, ಗಾಜಿನ ಪೆಟ್ಟಿಗೆಯಲ್ಲಿಟ್ಟು ನೋಡಿದ್ದು ಅರ್ಧ ನೋಟ. ಯಾರಾದರೂ ತೊಟ್ಟುಕೊಳ್ಳಲಿ, ಕತ್ತು ತಿರುಗಿಸಲಿ. ತಂತಿಯ ನೆರಳು ಚರ್ಮದ ಮೇಲೆ ಎರಡನೆಯ ಚಿತ್ರ ಬರೆಯುತ್ತದೆ, ಕಲ್ಲಿನ ಹಿಂದಿನಿಂದ ಬೆಳಕು ಹಾಯುತ್ತದೆ.

1947ರಲ್ಲಿ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಚಪಡನ ಅದೇ ಬ್ರಹ್ಮಗಿರಿಯನ್ನು ಅಗೆಸಿದಾಗ ಸಿಕ್ಕ ವಸ್ತುಗಳಲ್ಲಿ ಮಣಿಗಳೂ ಇದ್ದವು. ಅಂಥ ಹಳೆಯ ಮಣಿ ಎಲ್ಲಾದರೂ ಕಣ್ಣಿಗೆ ಬಿದ್ದರೆ ಬಣ್ಣ ನೋಡಿ ಮುಂದೆ ಹೋಗಬೇಡಿ. ಅದರ ತೂತನ್ನು ನೋಡಿ. ಅದರೊಳಗೆ ಹಾದಿದ್ದ ದಾರ ಯಾವತ್ತೋ ಮಣ್ಣಾಗಿದೆ. ಯಾವ ಮಣಿಯ ಪಕ್ಕ ಯಾವುದು, ಎಷ್ಟು ಸಡಿಲ, ಗಂಟು ಎಲ್ಲಿ ಎಂದು ಯಾರೋ ಕೂತು ಯೋಚಿಸಿದ್ದೂ ಅದರೊಂದಿಗೇ ಹೋಗಿದೆ.